ಸತ್ಯಾಂಶ: ಹಳೆಯ ರೆಡ್ ವೈನಿನ ಗಸಿ ಕಲಬೆರಕೆಯಲ್ಲ

“ಬಾಟಲಿಯ ತಳದಲ್ಲಿ ಕಪ್ಪು ಗಸಿ ಇದ್ದರೆ ಬಣ್ಣದ ಪುಡಿ ಬೆರೆಸಿದ್ದಾರೆ, ಚೆಲ್ಲಿಬಿಡಿ” ಎಂಬ ವಾಟ್ಸಾಪ್ ಸಂದೇಶ ತಪ್ಪು.

ಕ್ಯಾಬರ್ನೆ ಸಾವಿನ್ಯೋಂ, ಮೆರ್ಲೋ ದ್ರಾಕ್ಷಿಯ ಬೋರ್ಡೋ (ಫ್ರಾನ್ಸಿನ ವೈನ್ ಪ್ರದೇಶ) ಶೈಲಿಯ ವೈನ್ ಎಂಟು-ಹತ್ತು ವರ್ಷ ಮಾಗಿದಾಗ, ಸಿಪ್ಪೆಯಿಂದ ಬಂದ ಟ್ಯಾನಿನ್ (ಒಗರು ಕೊಡುವ ಅಂಶ) ಮತ್ತು ಬಣ್ಣದ ಅಂಶ ಒಂದಕ್ಕೊಂದು ಹೆಣೆದುಕೊಂಡು ತಳ ಸೇರುತ್ತವೆ. ಗಾಜಿನ ಚೂರಿನಂತೆ ಮಿನುಗುವುದು ಟಾರ್ಟರೇಟ್ ಹರಳು, ಅಂದರೆ ದ್ರಾಕ್ಷಿಯ ಹುಳಿಯೇ ಹರಳುಗಟ್ಟಿದ್ದು. ಎರಡೂ ನಿರಪಾಯ. ಬಾಯಿಗೆ ಸಿಕ್ಕರೆ ಕಾಫಿ ಚರಟದ ಹಾಗೆ ಕಹಿ, ಅಷ್ಟೆ.

ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ. ಕುತ್ತಿಗೆಯ ಹಿಂದೆ ಟಾರ್ಚ್ ಹಿಡಿದು, ಒಂದೇ ಸಮನೆ ಜಗ್ಗಿಗೆ ಬಗ್ಗಿಸಿ. ಗಸಿಯ ಎಳೆ ಬಾಟಲಿಯ ಭುಜಕ್ಕೆ ಬಂದೊಡನೆ ನಿಲ್ಲಿಸಿ. ನಡುವೆ ಬಾಟಲಿ ಎತ್ತಿ ಇಳಿಸಿದರೆ ಎಲ್ಲ ಕದಡಿ, ಒಂದು ದಿನ ಕಾದದ್ದು ವ್ಯರ್ಥ. ಕುಶಾಲನಗರದ ಏಪ್ರಿಲ್ ಸೆಕೆಯಲ್ಲಿ ತಣಿಸದೆ ಹಾಗೇ ಕುಡಿದರೆ ಮದ್ಯದ ಘಾಟೇ ಮೂಗಿಗೆ ಹೊಡೆಯುತ್ತದೆ. 16–18 ಡಿಗ್ರಿ ಸರಿ.

ಕಣ್ಣಿಗಿಂತ ಮೂಗನ್ನು ನಂಬಿ. ಬಿಳಿ ಕಾಗದದ ಮೇಲೆ ಲೋಟ ಓರೆಮಾಡಿದಾಗ ಅಂಚು ಇಟ್ಟಿಗೆ ಬಣ್ಣವಿದ್ದರೆ ಅದು ವಯಸ್ಸು, ದೋಷವಲ್ಲ. ತಂಬಾಕು, ದೇವದಾರು, ಚರ್ಮದ ವಾಸನೆ ಒಳ್ಳೆಯದೇ. ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ. ವಿನೆಗರ್ ಹುಳಿಯಾದರೆ ವೈನೇ ಹೋಗಿದೆ.

ಮಡಿಕೇರಿ ಕಡೆಯ ಮನೆ ವೈನಿನ ಲೆಕ್ಕ ಬೇರೆ. ಅದರ ಗಸಿ ಹೆಚ್ಚಾಗಿ ಯೀಸ್ಟ್ ಮತ್ತು ಹಣ್ಣಿನ ತಿರುಳು. ಮುಚ್ಚಳ ತೆರೆದಾಗ ಬುಸ್ಸೆಂದು ನೊರೆ ಬಂದರೆ ಇನ್ನೂ ಹುದುಗುತ್ತಿದೆ ಎಂದರ್ಥ. ಬಿಗಿಯಾಗಿ ಮುಚ್ಚಿಟ್ಟರೆ ಬಾಟಲಿ ಒಡೆದೀತು.