ಆ ಅಕ್ಕನ ಉತ್ತರ ವಾಪಸ್ ಬರಲೇ ಇಲ್ಲ

ನಿನ್ನೆ ವಿಕೋಪ ಮತ್ತು ಮಾನಸಿಕ ಆರೋಗ್ಯದ ಬಗ್ಗೆ ಒಂದು ವಿಚಾರ ಸಂಕಿರಣ ಇತ್ತು, ಹೋಗಿದ್ದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು: 'ಮಳೆ ಜೋರಾದರೆ ಬರೆ ಜಾರುವ ಸದ್ದು ಕೇಳಲ್ಲ, ಅದಕ್ಕೇ ಎದ್ದು ಕೂತಿರ್ತೀನಿ.' (ಬರೆ ಅಂದರೆ ಗುಡ್ಡದ ಕಡಿದಾದ ಅಂಚು.) ನನ್ನ ಮೈ ಜುಮ್ಮೆಂದಿತು. ಆ ಸಾಲನ್ನು ಇಂಗ್ಲಿಷಿಗೆ ಮಾಡಿದ್ದೇ ನಾನು.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ನಾನು ಪರಿಹಾರ ಕೇಂದ್ರಗಳಲ್ಲಿ ಓಡಾಡಿದ್ದೆ. ಮುಂದಿನ ಫೆಬ್ರವರಿಯಲ್ಲಿ ಒಂದು ಸಂಶೋಧನಾ ತಂಡ ಬಂತು, ದಿನಗೂಲಿಗೆ ದುಭಾಷಿಯಾಗಿ ಅವರ ಜೊತೆ ಹೋದೆ. ಆಘಾತ ಅಳೆಯುವ ಫಾರ್ಮಿನಲ್ಲಿ 22 ಪ್ರಶ್ನೆ. ಕಳೆದ ಏಳು ದಿನಗಳಲ್ಲಿ ಎಷ್ಟು ಕಾಡಿತು ಅಂತ ಸೊನ್ನೆಯಿಂದ ನಾಲ್ಕರೊಳಗೆ ಹೇಳಬೇಕು; ಸೊನ್ನೆ ಅಂದರೆ ಒಂಚೂರೂ ಕಾಡಿಲ್ಲ ಅಂತ. ಮಕ್ಕಂದೂರು ಕಡೆಯ ಆ ಅಕ್ಕ ಬಾಗಿಲ ಪಕ್ಕದಲ್ಲೇ ಒಂದು ಚೀಲ ಇಟ್ಟಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ರೇಷನ್ ಕಾರ್ಡು, ಜೊತೆಗೆ ಟಾರ್ಚು. ನಿದ್ದೆಯ ಪ್ರಶ್ನೆ ಬಂದಾಗ ಕೇಳಿದರು, "ಈ ವಾರ ಮಳೆಯೇ ಇಲ್ಲವಲ್ಲ ತಂಗಿ, ಏನಂತ ಹೇಳ್ಲಿ?"

ನಾನು ಸೊನ್ನೆಗೆ ಸುತ್ತು ಹಾಕಿದೆ. ಹೌದು, ನಾನೇ. ಮುಂದಿನ ಮನೆಗೆ ಹೊತ್ತಾಗುತ್ತಿತ್ತು. ಅವರು ಆಮೇಲೆ ಹೇಳಿದ ಮಾತನ್ನು, ನಿನ್ನೆ ಪರದೆಯ ಮೇಲೆ ಕಂಡ ಅದೇ ಸಾಲನ್ನು, ಫಾರ್ಮಿನ ಅಂಚಿನಲ್ಲಿ ಬರೆದುಕೊಂಡೆ. ಆ ಸೊನ್ನೆ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ತಂಡ ಮತ್ತೆ ಆ ಕಡೆ ಬರಲಿಲ್ಲ. ನನ್ನ ಸಿಟ್ಟು ಇಷ್ಟೇ, ನಿನ್ನೆಯಿಂದ ಇದನ್ನೇ ಎಲ್ಲರ ಹತ್ತಿರ ಹೇಳುತ್ತಿದ್ದೇನೆ: ಉತ್ತರ ಕೇಳಿಕೊಂಡು ಹೋದವರು, ಅದರಿಂದ ಏನು ತಿಳಿಯಿತು ಅಂತ ಹೇಳೋಕೆ ಆ ಮನೆ ಬಾಗಿಲಿಗೆ ಯಾಕೆ ಬರಲ್ಲ? ಜೂನ್‌ನಲ್ಲಿ ಒಂದೇ ಒಂದು ಸಲ ಬಂದು ಆ ಉತ್ತರಗಳ ಕೋಷ್ಟಕ ತೋರಿಸಿದ್ದರೂ ಅಕ್ಕನೇ ಹೇಳುತ್ತಿದ್ದರು, ಇದು ಫೆಬ್ರವರಿಯ ಲೆಕ್ಕ, ಈಗ ಕೇಳಿ ಅಂತ. ಅಧ್ಯಯನವೇ ತಿದ್ದಿಕೊಳ್ಳುತ್ತಿತ್ತು.

ಅಂಕಿಅಂಶ ಇಲ್ಲದೆ ಸರ್ಕಾರ ಕದಲಲ್ಲ ಅಂತ ಊಟದ ಹೊತ್ತಲ್ಲಿ ಒಬ್ಬರು ವಾದಿಸಿದರು. ನಿಜವೇ, ಪರಿಣತರ ಕೆಲಸದಿಂದ ಜನಕ್ಕೆ ಉಪಯೋಗ ಆದದ್ದೂ ಇದೆ. ಭೋಪಾಲದ ಅನಿಲ ದುರಂತದ ಮರುವರ್ಷ, 1985ರಲ್ಲಿ, ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಜೊತೆಯವರು ಅಲ್ಲಿನ ವೈದ್ಯರಿಗೆ ಮಾನಸಿಕ ಆರೈಕೆಯ ತರಬೇತಿ ಕೊಟ್ಟರು. ದುರಂತವಾದ ಕೂಡಲೇ ಒಂದೇ ಸಲ ಕೂರಿಸಿ ನಡೆದದ್ದನ್ನೆಲ್ಲ ಹೇಳಿಸಿದರೆ ಮನಸ್ಸು ಹಗುರಾಗುತ್ತದೆ ಅಂತ ನಂಬಿದ್ದ ಕಾಲವೊಂದಿತ್ತು. ಅದರಿಂದ ಪ್ರಯೋಜನವಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಅಂತ ತೋರಿಸಿಕೊಟ್ಟಿದ್ದೂ ಸಂಶೋಧನೆಯೇ. ಸಂಶೋಧನೆ ಬೇಡ ಅಂತ ನಾನೆಲ್ಲಿ ಹೇಳಿದೆ? ಸರ್ಕಾರಕ್ಕೆ ಕೊಡುವ ವರದಿಯ ಎರಡು ಪುಟ ಕನ್ನಡದಲ್ಲಿ ಆ ಅಕ್ಕನಿಗೂ ಕೊಟ್ಟರೆ ಯಾವ ಅಂಕಿಅಂಶ ಹಾಳಾಗುತ್ತದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯಲ್ಲಿ ವಿಕೋಪದ ಹೊತ್ತಿನ ಸಂಶೋಧನೆಗೆ ಪ್ರತ್ಯೇಕ ಅಧ್ಯಾಯವೇ ಇದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡ ಕೂಡಲೇ ಋಣ ತೀರುವುದಿಲ್ಲ.

ರಾತ್ರಿ ಅಕ್ಕನಿಗೆ ಫೋನ್ ಮಾಡಿ, ನಿಮ್ಮ ಮಾತನ್ನು ತುಂಬಿದ ಸಭೆಯಲ್ಲಿ ತೋರಿಸಿದರು ಅಂದೆ. "ಹೌದಾ? ಅದಕ್ಕೆ ಅವರು ಏನಂದ್ರು?" ಅಂತ ಕೇಳಿದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಕೊಡಗಿನಲ್ಲಿ ಫಾರ್ಮು ತುಂಬಿಸಿಕೊಂಡು ಹೋದವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಪ್ರಬಂಧ ಕಳಿಸಿ. ಕನ್ನಡಕ್ಕೆ ನಾನು ಮಾಡುತ್ತೇನೆ, ದುಡ್ಡು ಬೇಡ. ಆ ಮನೆಗಳ ದಾರಿ ನನಗೆ ಗೊತ್ತು, ಜೊತೆಗೆ ಬರುತ್ತೇನೆ. ಮಳೆಗಾಲದಲ್ಲಿ ಬನ್ನಿ.