ಕೆನಡಾದ ಟೆಂಟು, ಬೆಂಗಳೂರಿನ ಬಾಡಿಗೆ ರೂಮು

ರೂಮಿನೊಳಗೆ ಲೈಟ್ ಹಾಕಿ ಸೊಪ್ಪು ಬೆಳೆಯುವ ಫೋಟೋ ಹಾಕಿದಾಗಿನಿಂದ ಕೆಲವು ಹುಡುಗರು ಮೆಲ್ಲಗೆ ಕೇಳುತ್ತಿದ್ದಾರೆ: "ಅಣ್ಣಾ, ಇದೇ ಸೆಟಪ್‌ನಲ್ಲಿ ಆ ಗಿಡ ಬರುತ್ತಾ?" ಗಾಂಜಾ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಬರುತ್ತೆ ಕಣ್ರಪ್ಪಾ, ಯಾಕೆ ಬರಲ್ಲ. ಹಿಂದೆಯೇ ಪೊಲೀಸರೂ ಬರುತ್ತಾರೆ.

ಇವರೆಲ್ಲ ನೋಡುವುದು ಒಂದೇ ಥರದ ವಿಡಿಯೋ. ಒಳಗೆ ಬೆಳ್ಳಿ ಹಾಳೆ ಹೊದಿಸಿದ ಕಪ್ಪು ಟೆಂಟು, ಮೇಲೆ ಎಲ್‌ಇಡಿ, ಮೂಲೆಯಲ್ಲಿ ವಾಸನೆ ಹೀರುವ ಕಾರ್ಬನ್ ಫಿಲ್ಟರ್, ನಗುನಗುತ್ತಾ ವಿವರಿಸುವ ಗಡ್ಡದ ಮನುಷ್ಯ. ಆತ ಕೂತಿರುವುದು ಕೆನಡಾದಲ್ಲಿ. ಅಲ್ಲಿ 2018ರಿಂದ ಗಾಂಜಾ ಕಾನೂನುಬದ್ಧ. ಹೆಚ್ಚಿನ ಪ್ರಾಂತ್ಯಗಳಲ್ಲಿ ಮನೆಗೆ 4 ಗಿಡ ಬೆಳೆಯಬಹುದು. ಜರ್ಮನಿಯಲ್ಲೂ 2024ರಿಂದ ವಯಸ್ಕರು ತಲಾ 3 ಗಿಡ ಇಟ್ಟುಕೊಳ್ಳಬಹುದು. ನೀವಿರುವುದು ಎಚ್‌ಎಸ್‌ಆರ್ ಲೇಔಟ್‌ನ ಎರಡನೇ ಮಹಡಿಯಲ್ಲಿ. ಟೆಂಟನ್ನು ಆನ್‌ಲೈನ್‌ನಲ್ಲಿ ತರಿಸಬಹುದು, ಕಾನೂನನ್ನಲ್ಲ.

"ಒಂದು ಕೆಜಿ ಒಳಗಿದ್ರೆ ಏನೂ ಆಗಲ್ಲ ಅಣ್ಣಾ" ಅನ್ನುತ್ತಾರೆ. ಶುದ್ಧ ಸುಳ್ಳು. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 1 ಕೆಜಿವರೆಗಿನ ಗಾಂಜಾ 'ಸಣ್ಣ ಪ್ರಮಾಣ', ನಿಜ. ಅದಕ್ಕೂ 1 ವರ್ಷದವರೆಗೆ ಜೈಲು, 10 ಸಾವಿರದವರೆಗೆ ದಂಡ, ಅಥವಾ ಎರಡೂ ಇದೆ. ಮುಖ್ಯವಾಗಿ, ಅದು ಇಟ್ಟುಕೊಂಡವರ ಲೆಕ್ಕ. ಗಿಡ ಬೆಳೆಸುವುದು ಬೇರೆಯೇ ಅಪರಾಧ, ಅಲ್ಲಿ ಸಣ್ಣದು ದೊಡ್ಡದು ಅಂತಿಲ್ಲ. 20ನೇ ಸೆಕ್ಷನ್ ಪ್ರಕಾರ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಕುಂಡದಲ್ಲಿ ಒಂದೇ ಗಿಡ ಇದ್ದರೂ ಅದೇ ಸೆಕ್ಷನ್. ಗೊತ್ತಿದ್ದೂ ಮನೆ ಬಿಟ್ಟುಕೊಟ್ಟರೆ ಓನರ್ ಮೇಲೂ ಕೇಸು.

ಇನ್ನು ಕೆಲವರು 2022ರ ಹೈಕೋರ್ಟ್ ಆದೇಶ ಹಿಡಿದುಕೊಂಡು ಬರುತ್ತಾರೆ. ಭಂಗಿ, ಅಂದರೆ ಇದೇ ಗಿಡದ ಎಲೆಯಿಂದ ಮಾಡುವ ಭಾಂಗ್, ಈ ಕಾಯ್ದೆಯೊಳಗೆ ಬರಲ್ಲ ಅಂತ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಅರ್ಜಿಯಲ್ಲಿ ಹೇಳಿದ್ದು ಹೌದು. ಕಾಯ್ದೆ ಗಾಂಜಾ ಅನ್ನುವುದು ಹೂವಿನ ತುದಿಗೆ. ಬರೀ ಎಲೆ, ಬೀಜ ಅದರಲ್ಲಿ ಸೇರಿಲ್ಲ. ಆದರೆ ಆ ಎಲೆ ಬಿಡುವ ಗಿಡವನ್ನು ನೀವು ನೆಡುವ ಹಾಗಿಲ್ಲ. ವಿಚಿತ್ರ ಅನಿಸುತ್ತೆ ಅಲ್ವಾ? ನನಗೂ ಅನಿಸುತ್ತೆ.

ಸಿಕ್ಕಿಬೀಳಲ್ಲ ಅನ್ನುವ ಧೈರ್ಯ ಬೇರೆ. 2023ರಲ್ಲಿ ಶಿವಮೊಗ್ಗದಲ್ಲಿ ಬಾಡಿಗೆ ಮನೆಯೊಳಗೆ ಗಾಂಜಾ ಬೆಳೆದ ಆರೋಪದಲ್ಲಿ ಸಿಕ್ಕವರು ಮೆಡಿಕಲ್ ವಿದ್ಯಾರ್ಥಿಗಳು. 2024ರಲ್ಲಿ ನಮ್ಮ ಸದಾಶಿವನಗರ ಪೊಲೀಸರು ಒಂದು ದಂಪತಿಯನ್ನು ಹಿಡಿದರು. ಬಾಲ್ಕನಿ ಕುಂಡಗಳ ಚಿತ್ರವನ್ನು ಅವರೇ ಫೇಸ್‌ಬುಕ್‌ಗೆ ಹಾಕಿದ್ದರು! ಫೋಟೋ ಹಾಕದಿದ್ದರೂ ವಾಸನೆ ಎಲ್ಲಿಗೆ ಹೋಗುತ್ತೆ? ಗೋಡೆಗೆ ಗೋಡೆ ಅಂಟಿಕೊಂಡಿರುವ ಊರಿದು. ಪಕ್ಕದ ಮನೆಯವರು ಸಾರಿಗೆ ಇಂಗು ಹಾಕಿದರೆ ನಮಗೆ ಗೊತ್ತಾಗುತ್ತೆ.

ಇಷ್ಟು ಹೇಳಿದ್ದಕ್ಕೆ ನಾನು ಈ ಕಾಯ್ದೆಯ ಅಭಿಮಾನಿ ಅಂದುಕೊಳ್ಳಬೇಡಿ. ಒಂದು ಗಿಡಕ್ಕೆ ಹತ್ತು ವರ್ಷದ ಭಯ ಇಡುವುದು ಅತಿಯಾಯಿತು. ಜೋಳದ ಸಾಲಿನ ನಡುವೆ ನಾಲ್ಕು ಗಿಡ ಸಿಕ್ಕಿತು ಅಂತ ರೈತನನ್ನು ನಿಲ್ಲಿಸಿ ತೆಗೆದ ಫೋಟೋ ಪೇಪರಿನಲ್ಲಿ ಬರುತ್ತಲೇ ಇರುತ್ತೆ. ಅವನಿಗೆ ಒಳ್ಳೆ ವಕೀಲರು ಸಿಗಲ್ಲ. ನಾರು, ಬೀಜಕ್ಕೆ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದು ಅಂತ ಅದೇ ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತೆ, ಉತ್ತರಾಖಂಡ ಆ ದಾರಿ ಹಿಡಿದಿದೆ. ನಮ್ಮಲ್ಲೂ ಈ ಬಗ್ಗೆ ಗಟ್ಟಿಯಾಗಿ ಮಾತಾಡಲಿ. ಆದರೆ ಮಾತಾಡುವುದು ಬೇರೆ, ಅಪ್ಪ ಅಮ್ಮ ಸಾಲ ಮಾಡಿ ಓದಿಸಿದ ಹುಡುಗ ಪರಪ್ಪನ ಅಗ್ರಹಾರದಲ್ಲಿ ಕೂರುವುದು ಬೇರೆ.

ಲೈಟು, ಫ್ಯಾನು, ಟೈಮರ್ ಹುಚ್ಚು ಮಾತ್ರ ನನಗೆ ಅರ್ಥವಾಗುತ್ತೆ, ಅದು ನನಗೂ ಹಿಡಿದಿದೆ. ಬಿಸಿಲೇ ಬೀಳದ ರೂಮು ನನ್ನದು. 100 ವ್ಯಾಟ್ ಲೈಟು ದಿನಕ್ಕೆ 14 ಗಂಟೆ, ತಿಂಗಳಿಗೆ 42 ಯೂನಿಟ್. ಗೃಹಜ್ಯೋತಿ ಇರುವವರು ಇದನ್ನು ಮೊದಲೇ ಲೆಕ್ಕ ಹಾಕಿ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ನೇರಳೆ ಬಣ್ಣದ ಲೈಟ್ ಮಾತ್ರ ಕೊಳ್ಳಬೇಡಿ. ನಾನು ಅದನ್ನು ಹಾಕಿದ್ದಾಗ ಓನರ್ ಆಂಟಿ ಮೇಲೆ ಬಂದರು. "ಏನಪ್ಪಾ, ರಾತ್ರಿ ಕಿಟಕಿ ಒಂಥರಾ ಹೊಳೀತಿರುತ್ತೆ, ರೋಡಿನವರೆಲ್ಲ ನನ್ನ ಕೇಳ್ತಾರೆ." ಒಳಗೆ ಕರೆದು ತೋರಿಸಿದೆ. ಕನ್ನಡಕ ಏರಿಸಿಕೊಂಡು ಬಗ್ಗಿದರು. ಒಂದು ಎಲೆ ಚಿವುಟಿ, ಬೆರಳಲ್ಲಿ ಉಜ್ಜಿ, ಮೂಸಿದರು. "ಅಯ್ಯೋ, ಕಾಮಕಸ್ತೂರಿ! ಇದಕ್ಕೆ ಇಷ್ಟೆಲ್ಲ ಸರ್ಕಸ್ಸಾ? ಟೆರೇಸ್ ಮೇಲೆ ಇಡು, ನಾನೇ ನೀರು ಹಾಕ್ತೀನಿ."

ಈಗ ಅರ್ಧ ಕುಂಡ ಟೆರೇಸ್‌ನಲ್ಲಿವೆ, ಲೆಟಿಸ್ ಮತ್ತು ಮೆಂತ್ಯ ಒಳಗೆ. ಹೊಸಬರು ಕಾಮಕಸ್ತೂರಿಯಿಂದಲೇ ಶುರು ಮಾಡಿ. ಬೀಜ ಯಾವ ಗ್ರಂಥಿಗೆ ಅಂಗಡಿಯಲ್ಲಾದರೂ ಸಿಗುತ್ತೆ. ಮಣ್ಣಿನ ಮೇಲೆ ತೆಳ್ಳಗೆ ಉದುರಿಸಿ, ಆಳಕ್ಕೆ ಹೂಳಬೇಡಿ. ಉಳಿದದ್ದನ್ನು ನೆನೆಸಿ ಶರಬತ್ತಿಗೆ ಹಾಕಿಕೊಳ್ಳಿ.