ಚಾವಡಿಗೆ ಕಾಫಿ ತಂದವರು ಯಾರು?

ಕೊರೊನಾ ಕಾಲದ ಮನೆಬದುಕಿನ ಬಗ್ಗೆ ಲೇಖನವೊಂದನ್ನು ಓದಿದೆ. ಲಾಕ್‌ಡೌನ್ ಮನೆಮಂದಿಯನ್ನೆಲ್ಲ ಒಂದೇ ಚಾವಡಿಯಲ್ಲಿ ಕೂರಿಸಿತು ಎಂದು ಅದರ ಲೇಖಕರು ಸಂಭ್ರಮದಿಂದ ಬರೆದಿದ್ದಾರೆ. ನಿಜ, ಕೂರಿಸಿತು. ಆ ಚಾವಡಿಗೆ ಹೊತ್ತುಹೊತ್ತಿಗೆ ಕಾಫಿ ತಂದವರು ಯಾರು ಅಂತ ಒಂದು ಸಾಲಾದರೂ ಇರಬೇಕಿತ್ತು. 2020ರ ಮಾರ್ಚ್ 25, ಯುಗಾದಿ ದಿನವೇ ದೇಶಕ್ಕೆ ಬೀಗ ಬಿತ್ತಲ್ಲ, ಅವತ್ತಿನಿಂದ ನಮ್ಮನೆ ಕೆಲಸದಾಕೆಯೂ ಬರುವಂತಿರಲಿಲ್ಲ. ಯಜಮಾನರ ಮೀಟಿಂಗು, ಮಗಳ ಮೊಬೈಲ್ ಪಾಠ, ಅತ್ತೆಯವರಿಗೆ ಟಿವಿಯಲ್ಲಿ ಹಳೆಯ ಪೌರಾಣಿಕ ಧಾರಾವಾಹಿ. ಸಿಂಕು ಮಾತ್ರ ನನ್ನ ಪಾಲಿಗೆ! (ಯಜಮಾನರು ಒಂದೆರಡು ಸಲ ಚಪಾತಿ ಲಟ್ಟಿಸಿದ್ದುಂಟು, ಫೋಟೊ ಸಮೇತ.)

ಇನ್ನು ಹಾಲಿನ ಪ್ಯಾಕೆಟ್, ತರಕಾರಿ ತೊಳೆದ ಶಿಸ್ತನ್ನು ಲೇಖನ ಬಹಳ ಹೊಗಳಿದೆ. ಸೋಪಿನಲ್ಲಿ ಕೈ ತೊಳೆಯುವುದು ಸರಿಯೇ, ವೈರಸ್ಸಿನ ಹೊರಗಿನ ಕೊಬ್ಬಿನ ಪದರ ಸೋಪಿಗೆ ಒಡೆದುಹೋಗುತ್ತದೆ. ಆದರೆ ಸೋಂಕು ಹೆಚ್ಚಾಗಿ ಹರಡಿದ್ದು ಉಸಿರಿನಿಂದ, ಮುಚ್ಚಿದ ಕೋಣೆಯ ಗಾಳಿಯಿಂದ. ಪ್ಯಾಕೆಟ್ ಉಜ್ಜಿ ಉಜ್ಜಿ ತೊಳೆದ ಎಷ್ಟೋ ಮನೆಗಳಲ್ಲಿ ಕಿಟಕಿಯನ್ನೇ ತೆರೆಯುತ್ತಿರಲಿಲ್ಲ. 2021ರ ಎರಡನೇ ಅಲೆಯಲ್ಲಂತೂ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅಂಗಡಿ ಎಂದರು, ಊರಿಗೆ ಊರೇ ಆ ನಾಲ್ಕು ಗಂಟೆಯಲ್ಲಿ ಮುಗಿಬಿತ್ತು. ಮಾಸ್ಕು ಗಲ್ಲದ ಮೇಲೆ!

ಮನೆಯ ಆರೈಕೆಗೆಂದು ಲೇಖನ ಕೊಟ್ಟ ಪಟ್ಟಿಯಲ್ಲಿ ಕಷಾಯ ಇದೆ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಇಲ್ಲ. ವಯಸ್ಸಾದವರಿಗೆ ಉಸಿರಾಟದ ತೊಂದರೆ ಕಾಣಿಸುವ ಮೊದಲೇ ಆಮ್ಲಜನಕ ಇಳಿದಿರಬಹುದು. ಅದು ಶೇಕಡಾ 94ಕ್ಕಿಂತ ಕಡಿಮೆ ತೋರಿಸಿದರೆ ಶುಂಠಿ ಜಜ್ಜುತ್ತ ಕೂರದೆ ವೈದ್ಯರಿಗೆ ಫೋನ್ ಮಾಡಬೇಕು. ಹಾಂ, ಉಗುರುಬಣ್ಣ ಇರುವ ಬೆರಳಿಗೆ ಸಿಕ್ಕಿಸಿದರೆ ಅಂಕಿ ತಪ್ಪಾಗಬಹುದು, ಒರೆಸಿಕೊಂಡು ನೋಡಿ.